ನಲವತ್ತಮೂರು ಬಾವುಟ

"ಶಭಾಷ್ ಬ್ರಿಟಾ! ನಮ್ಮ ಅರ್ಧ ಕೆಲಸ ನೀನೇ ಮಾಡಿಟ್ಟಿದೀಯ ಕಣಮ್ಮ!"

ಪಿಕಪ್ ಗಾಡಿಯಿಂದ ಓಟ್ಸ್ ಮೂಟೆ ಇಳಿಸುತ್ತಾ, ಅಪ್ಪ ಕೆಲಸಕ್ಕೆ ಕರೆಸಿದ್ದ ಹೌಗನ್ ಅಂಕಲ್ ನಕ್ಕರು. "ಮೊನ್ನೆ ಬರೀ ಓಟ್ಸ್ ಹಾಕಿ ರುಚಿ ಹತ್ತಿಸಿದೀವಿ. ಇವತ್ತು ಔಷಧಿ ಬೆರೆಸಿದ್ದು. ಬಾವುಟ ಇರೋ ಕಡೆ ಒಂದೊಂದು ಚಮಚ, ಅಷ್ಟೇ!"

ಔಷಧಿ ಅಂದರೆ ವಿಷ ಎಂದು ಬ್ರಿಟಾಳಿಗೆ ಗೊತ್ತಿತ್ತು.

ಡಕೋಟಾದ ಗಾಳಿಗೆ ಹುಲ್ಲುಗಾವಲಿನ ತುಂಬ ಕಿತ್ತಳೆ ಬಾವುಟಗಳು ಪಟಪಟ ಎನ್ನುತ್ತಿದ್ದವು. ನಲವತ್ತಮೂರನ್ನೂ ನೆಟ್ಟವಳು ಅವಳೇ. ಅದು ಸ್ಕೂಲಿನ ಸೈನ್ಸ್ ಪ್ರಾಜೆಕ್ಟ್, ಪ್ರೇರಿ ಡಾಗ್‌ಗಳ ಲೆಕ್ಕ. ಹೆಸರಿಗೆ ಡಾಗ್, ನೋಡಲು ದಪ್ಪ ಅಳಿಲು! ಸಂಜೆ ಪ್ರತಿ ಬಿಲಕ್ಕೂ ಹಳೇ ಪೇಪರಿನ ಉಂಡೆ ತುರುಕುವುದು. ಬೆಳಿಗ್ಗೆ ಯಾವ ಉಂಡೆ ಹೊರಗೆ ಬಿದ್ದಿರುತ್ತದೋ ಅಲ್ಲಿ ಬಾವುಟ. ಅಂದರೆ ಒಳಗೆ ಒಂದು ಸಂಸಾರ ಇದೆ ಎಂದರ್ಥ.

ಬ್ರಿಟಾ ಓಡಿದಳು. ಒಂದು, ಎರಡು, ಐದು... ಒಂದೂ ಬಿಡದೆ ಎಲ್ಲ ಬಾವುಟಗಳನ್ನೂ ಕಿತ್ತಳು. ಅವಳನ್ನು ಕಂಡು ಪ್ರೇರಿ ಡಾಗ್‌ಗಳು ಚಿಕ್ ಚಿಕ್ ಎಂದು ಕೂಗಿ ಬಿಲಕ್ಕೆ ನುಗ್ಗಿದವು. ಆ ಪೆದ್ದುಗಳ ಪಾಲಿಗೆ ಇವಳೇ ಶತ್ರು!

"ಏಯ್, ತಲೆ ಕೆಟ್ಟಿದೆಯಾ ನಿಂಗೆ? ಕೊಡು ಇಲ್ಲಿ!" ಅಪ್ಪ ದಾಪುಗಾಲು ಹಾಕುತ್ತಾ ಬಂದರು. "ನಾಳೆ ಹಿಮ ಬಿದ್ರೆ ಈ ವರ್ಷ ಔಷಧಿ ಹಾಕೋಕಾಗಲ್ಲ."

"ಕೊಡಲ್ಲ! ನಾನು ನೆಟ್ಟಿದ್ದು ಎಣಿಸೋಕೆ, ಸಾಯಿಸೋಕಲ್ಲ."

"ಹುಲ್ಲೆಲ್ಲ ಅವೇ ತಿಂದ್ರೆ ಹಸುಗಳಿಗೆ ಏನು ಹಾಕ್ಲಿ? ನಿನ್ನ ಪ್ರಾಜೆಕ್ಟ್ ಹಾಕ್ಲಾ?"

ಹೌಗನ್ ಅಂಕಲ್ ಕಿಸಕ್ಕನೆ ನಕ್ಕರು. ಬ್ರಿಟಾಳ ಮೈ ಉರಿಯಿತು.

"ನೀನೇ ಎಣಿಸಿದೀಯಲ್ಲ, ಹೇಳು," ಎಂದರು ಅಪ್ಪ. "ಹಳ್ಳ ದಾಟಿ ನಮ್ಮ ಹಸು ಮೇಯೋ ಕಡೆ ಬಂದಿದಾವೋ ಇಲ್ವೋ?"

ಇಲ್ಲ ಅಂದುಬಿಡಬಹುದಿತ್ತು. ಆದರೆ ಕಣ್ಣಾರೆ ಎಣಿಸಿದ್ದನ್ನು ಇಲ್ಲ ಅನ್ನುವುದು ಹೇಗೆ?

"ಬಂದಿದಾವೆ. ಹನ್ನೊಂದು ಬಿಲ. ಹೋದ ವರ್ಷ ಒಂದೂ ಇರಲಿಲ್ಲ." ಅವಳು ತಲೆ ತಗ್ಗಿಸಲಿಲ್ಲ. "ಆದ್ರೆ ಮೂವತ್ತೆರಡು ಆ ಕಡೆನೇ ಇದಾವೆ. ಅವಕ್ಕೆ ಯಾಕಪ್ಪಾ ಶಿಕ್ಷೆ?"

ಅಪ್ಪ ಟೋಪಿ ತೆಗೆದು ತಲೆ ಕೆರೆದುಕೊಂಡರು. "ಹೌಗನ್, ಈ ಕಡೆಯವಕ್ಕೆ ಮಾತ್ರ ಹಾಕೋಣ."

"ಮೂಟೆ ಹಾಗೇ ಉಳಿಯತ್ತಲ್ಲಯ್ಯ! ಎರಡು ವರ್ಷದಲ್ಲಿ ಮತ್ತೆ ನನ್ನನ್ನೇ ಕರೀತೀಯ ನೋಡು."

"ಆಗ ನೋಡೋಣ. ಬ್ರಿಟಾ, ಹನ್ನೊಂದು ಬಾವುಟ ನೆಡು ಹೋಗು."

"ನನ್ನ ಕೈಯಿಂದ ಒಂದೂ ನೆಡಲ್ಲ. ಬೇಕಾದ್ರೆ ನೀನೇ ನೆಡು."

ಹನ್ನೊಂದನ್ನು ಎಣಿಸಿ ಅಪ್ಪನ ಕೈಗೆ ಕೊಟ್ಟಳು. ಅಪ್ಪ ಬೈಯಲಿಲ್ಲ. ಹಳ್ಳದ ಈಚೆಗೆ ಹೋಗಿ ಹೊಸ ಮಣ್ಣಿನ ಗುಡ್ಡೆಗಳ ಪಕ್ಕ ಒಂದೊಂದನ್ನೇ ನೆಡತೊಡಗಿದರು.

ಬ್ರಿಟಾಳಿಗೆ ಅಳು ಒತ್ತಿ ಬಂತು. ಮನೆಗೆ ಹೋಗಿ ಬಾಗಿಲು ಹಾಕಿಕೊಳ್ಳಬೇಕೆನ್ನಿಸಿತು. ನಾಲ್ಕು ಹೆಜ್ಜೆ ಹೋಗಿಯೂಬಿಟ್ಟಳು. ಅಷ್ಟರಲ್ಲಿ ಹೌಗನ್ ಅಂಕಲ್ ಚಮಚ ಹಿಡಿದು ಹಳ್ಳದ ಆಚೆ ಕಣ್ಣು ಹಾಯಿಸಿದ್ದು ಕಾಣಿಸಿತು. ತಾನು ಮನೆಯೊಳಗೆ ಅಳುತ್ತಾ ಕೂತರೆ ಚಮಚಗಳು ಹನ್ನೊಂದಕ್ಕೇ ನಿಂತವೋ ಇಲ್ಲವೋ ಎಂದು ಎಣಿಸುವವರು ಯಾರು?

ಅವಳು ತೋಳಿನಿಂದ ಮೂಗು ಒರೆಸಿಕೊಂಡಳು. ವಾಪಸ್ ಹೋಗಿ ಹಳ್ಳದ ದಂಡೆಯ ಮೇಲೆ, ಅವರಿಬ್ಬರಿಗೂ ಅಡ್ಡವಾಗಿ ನಿಂತಳು.

ಹೌಗನ್ ಅಂಕಲ್ ಮೊದಲ ಬಾವುಟದ ಬಳಿ ಒಂದು ಚಮಚ ಸುರಿದರು.

"ಒಂದು," ಎಂದು ಅವಳು ಗಟ್ಟಿಯಾಗಿ ಎಣಿಸಿದಳು.