ಶನಿವಾರದ ಅಹವಾಲು

ಸುಕೇಶರನ್ನು ನಾನು ಮೊದಲ ಸಲ ಮಾತಾಡಿಸಿದ್ದೇ ಅರ್ಜಿದಾರನೆಂದು ತಪ್ಪು ತಿಳಿದು. ತಪ್ಪು ನನ್ನದು, ಸರಿ. ಆದರೆ ಬಾಯಿ ಮುಚ್ಚಿಕೊಂಡು ಕೂತವರು ಅವರು.

ಉಡುಪಿಯ ಬನ್ನಂಜೆಯಲ್ಲಿ, ಒಂದು ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿ ನಮ್ಮ ತರಬೇತಿ ಕೇಂದ್ರ. ಸರ್ಕಾರಿ ಸೇವೆಗೆ ಹೋಗಬೇಕೆನ್ನುವವರಿಗೆ ನಾನು ಸಾರ್ವಜನಿಕ ಆಡಳಿತ ಕಲಿಸುತ್ತೇನೆ. ವಾರವೆಲ್ಲ ಪುಸ್ತಕದ ಪಾಠ, ಶನಿವಾರ ಮಾತ್ರ ಅಹವಾಲು. ತರಗತಿಯ ನಡುವೆ ಒಂದು ಮೇಜು, ಆಚೆ ಈಚೆ ಕುರ್ಚಿ. ಒಂದರಲ್ಲಿ ಅಧಿಕಾರಿಯಾಗಿ ಒಬ್ಬ ವಿದ್ಯಾರ್ಥಿ, ಇನ್ನೊಂದರಲ್ಲಿ ಊರಿನಿಂದ ಕರೆಸಿದ ಯಾರಾದರೂ, ತಮ್ಮ ನಿಜವಾದ ಕಷ್ಟದೊಂದಿಗೆ. ಅಧಿಕಾರಿಯ ಬಾಯಿಂದ ಬರಬೇಕಾದ ಮೊದಲ ಮಾತು ‘ಕೂತುಕೊಳ್ಳಿ’. ಅದನ್ನು ಬಿಟ್ಟು ಬೇರೆ ಏನು ಹೇಳಿದರೂ ಅಲ್ಲೇ ನಿಲ್ಲಿಸಿ ಬೈಯುತ್ತೇನೆ. ಸೌಮ್ಯಶ್ರೀ ಮೇಡಂ ಬೈಗುಳವೆಂದರೆ ಕೆಳಗಿನ ಬಟ್ಟೆ ಅಂಗಡಿಯವರಿಗೂ ಗೊತ್ತು.

ಆ ಶನಿವಾರ ಬಾಗಿಲಲ್ಲಿ ನಿಂತಿದ್ದವರ ಅಂಗಿಯ ತೋಳು ಒದ್ದೆಯಾಗಿತ್ತು, ಮೀನಿನ ವಾಸನೆ ಬರುತ್ತಿತ್ತು. ಬರಬೇಕಾಗಿದ್ದ ಅರ್ಜಿದಾರ ಇವರೇ ಎಂದುಕೊಂಡು, “ಬನ್ನಿ, ಹೆದರಬೇಡಿ, ಕೂತುಕೊಳ್ಳಿ,” ಎಂದು ನಾನೇ ಕುರ್ಚಿ ಎಳೆದುಕೊಟ್ಟೆ. ಅವರು ಒಂದು ಗಳಿಗೆ ನನ್ನ ಮುಖ ನೋಡಿ ಕೂತರು. ಅಮ್ಮನ ಪಿಂಚಣಿ ನಿಂತುಹೋದ ಕಥೆ ಹೇಳಿದರು. ತರಗತಿಯವರೆಲ್ಲ ಪೆನ್ನು ಕೆಳಗಿಟ್ಟು ಕೇಳಿದರು.

“ಎಷ್ಟು ಚಂದ ಹೇಳಿದಿರಿ! ಎಂತ ಕೆಲಸ ನಿಮಗೆ?” ಎಂದು ಕೇಳಿದೆ.

“ಇಲ್ಲಿಯೇ ಮೇಡಂ, ಇವತ್ತಿನಿಂದ. ಸಂವಿಧಾನ ಕಲಿಸಲಿಕ್ಕೆ ಬಂದ ಗೆಸ್ಟ್ ಲೆಕ್ಚರರ್.”

ಹುಡುಗರು ಬಿದ್ದು ಬಿದ್ದು ನಕ್ಕರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

“ಮೊದಲೇ ಹೇಳಲಿಕ್ಕೆ ಎಂತ ಆಗಿತ್ತು ನಿಮಗೆ?”

“ನೀವು ಕೂತುಕೊಳ್ಳಿ ಅಂದಿರಿ. ಅಮ್ಮನ ಜೊತೆ ಅಷ್ಟು ಆಫೀಸು ತಿರುಗಿದ್ದೇನೆ, ಒಬ್ಬರೂ ಹಾಗೆ ಹೇಳಿರಲಿಲ್ಲ. ಏಳಲಿಕ್ಕೆ ಮನಸ್ಸೇ ಬರಲಿಲ್ಲ.”

ಸುಕೇಶರ ಮನೆ ಕಾಪುವಿನಲ್ಲಿ, ಕಡಲ ಬದಿ. ಅಪ್ಪ ಇಲ್ಲ. ಅಮ್ಮ ಸುಗಂಧಿ ಮಾರ್ಕೆಟಿನಲ್ಲಿ ಮೀನು ಮಾರುತ್ತಾರೆ. ಬೆಳಿಗ್ಗೆ ಅಮ್ಮನ ಬುಟ್ಟಿ ಇಳಿಸಿಕೊಟ್ಟು ಅವರು ಉಡುಪಿಯ ಬಸ್ಸು ಹತ್ತುತ್ತಿದ್ದರು. ನಾನು ಕುಕ್ಕುಂದೂರಿನವಳು, ಕಾರ್ಕಳದ ಬಸ್ಸಿನಲ್ಲಿ ಬರುವವಳು. ಇಬ್ಬರ ಮನೆಮಾತೂ ತುಳು. ಆದರೂ ಸ್ಟಾಫ್ ರೂಮಿನಲ್ಲಿ ನಮ್ಮದು ಬರೀ ಕನ್ನಡ. ತುಳುವಿಗೆ ಇಳಿದರೆ ಮಾತು ನೇರ ಮನೆಯೊಳಗೇ ಬಂದುಬಿಡುತ್ತದೆ ಎಂಬ ಹೆದರಿಕೆ ನನಗಿತ್ತು. ಅವರಿಗೂ ಇದ್ದಿರಬೇಕು.

“ಮೇಡಂ, ಬಂಗುಡೆ ಪುಳಿಮುಂಚಿ ಉಂಟು. ಆ ಬದನೆ ಪಲ್ಯಕ್ಕೆ ಇವತ್ತು ರಜೆ ಕೊಡಿ.”

“ಲಂಚವಾ?”

“ಅಮ್ಮ ಕಳಿಸಿದ್ದು. ನಾನು ಬರೀ ಮಧ್ಯವರ್ತಿ.”

ನಗು ತಡೆದುಕೊಂಡು ತಲೆ ತಗ್ಗಿಸಿ ಆ ಹುಳಿಖಾರದ ಮೀನು ತಿನ್ನುತ್ತಿದ್ದೆ. ತಲೆ ಎತ್ತಿದಾಗಲೆಲ್ಲ ಅವರು ತಟ್ಟನೆ ಕಿಟಕಿಯ ಹೊರಗೆ ನೋಡುತ್ತಿದ್ದರು. ಕಿವಿ ಮಾತ್ರ ಕೆಂಪಾಗಿರುತ್ತಿತ್ತು. ಆ ಕೆಂಪು ನೋಡಲಿಕ್ಕೇ ನಾನು ಮತ್ತೆ ಮತ್ತೆ ತಲೆ ಎತ್ತುತ್ತಿದ್ದೆ. ನನಗೆ ಅವರ ಮೇಲೆ ಪ್ರೀತಿಯಾಗಿತ್ತು, ಇನ್ನೇನು?

ಆದರೆ ನನ್ನ ಅಪ್ಪ ಗುಣಪಾಲರಿಗೆ ಕಾರ್ಕಳದಲ್ಲಿ ಹಾರ್ಡ್‌ವೇರ್ ಅಂಗಡಿ, ಮಾತೂ ಅಷ್ಟೇ ಗಟ್ಟಿ. “ಕಾಯಂ ಕೆಲಸ ಇಲ್ಲದವನ ಸುದ್ದಿ ನನ್ನ ಹತ್ತಿರ ಎತ್ತಬೇಡ,” ಎಂದು ಮೊದಲೇ ಹೇಳಿಬಿಟ್ಟಿದ್ದರು.

ಅಷ್ಟರಲ್ಲಿ ಕೇಂದ್ರದಲ್ಲಿ ಒಂದು ಕಾಯಂ ಹುದ್ದೆ ಕರೆದರು. ಸುಕೇಶ್ ಅರ್ಜಿ ಹಾಕಿದರು. ಮೆಟ್ಟಿಲಲ್ಲಿ ನನ್ನನ್ನು ನಿಲ್ಲಿಸಿ, “ಇದೊಂದು ಆಗಲಿ ಮೇಡಂ. ಆಮೇಲೆ ನಿಮಗೆ ಒಂದು ಮಾತು ಹೇಳಲಿಕ್ಕೆ ಉಂಟು,” ಎಂದರು.

“ಆಗದಿದ್ದರೆ?”

“ಭಾವ ದೋಹಾದಲ್ಲಿ ಕೆಲಸ ನೋಡಿಟ್ಟಿದ್ದಾರೆ. ಹೇಳದೆಯೇ ಹೋಗುತ್ತೇನೆ.”

ಆಯ್ಕೆಗೆ ಕೂರುವವರು ಮೂವರು: ಪ್ರಾಂಶುಪಾಲ ಲಿಯೋನೆಲ್ ಸರ್, ಹೊರಗಿನಿಂದ ಬರುವ ಒಬ್ಬ ನಿವೃತ್ತ ಅಧಿಕಾರಿ, ಮತ್ತು ನಾನು. ಮೊದಲೇ ಲಿಯೋನೆಲ್ ಸರ್‌ಗೆ ತಿಳಿಸಬೇಕಿತ್ತೇ? ಎಂತ ಅಂತ ತಿಳಿಸುವುದು? ನಮ್ಮ ನಡುವೆ ಒಂದು ಮಾತೂ ಆಗಿರಲಿಲ್ಲ. ಬಂಗುಡೆ ತಿಂದದ್ದನ್ನು ಹೇಳುವುದಾ? ಹೀಗೆ ನನ್ನನ್ನು ನಾನೇ ಸಮಾಧಾನ ಮಾಡಿಕೊಂಡೆ.

ಅದೇ ವಾರ ತರಗತಿಯಲ್ಲಿ ನಾನು ಮೇಜು ಕುಟ್ಟಿ ಪಾಠ ಮಾಡಿದ್ದೆ. “ಎರಡು ನಿಯಮ. ಸತ್ತರೂ ಮರೆಯಬೇಡಿ. ನಮ್ಮವರ ವಿಷಯ ಎದುರಿಗೆ ಬಂದರೆ ಕುರ್ಚಿ ಬಿಟ್ಟು ಏಳಬೇಕು. ಮತ್ತೊಂದು, ಮನುಷ್ಯನನ್ನು ಕೇಳದೆ ಅವನ ಬಗ್ಗೆ ತೀರ್ಮಾನ ಮಾಡಬಾರದು.”

ಸಂದರ್ಶನದ ದಿನ ಸುಕೇಶ್ ಇಸ್ತ್ರಿ ಹಾಕಿದ ಬಿಳಿ ಅಂಗಿಯಲ್ಲಿ ಬಂದರು. ಕೂತವರೇ ನನ್ನ ಕಡೆ ನೋಡಿದರು. ಎಷ್ಟು ನಂಬಿಕೆಯಿಂದ ನೋಡಿದರು! ಅಂಕ ಹಾಕುವ ಪೆನ್ನು ನನ್ನ ಕೈಯಲ್ಲಿತ್ತು. ಅವರು ಬಾಯಿ ತೆರೆಯುವ ಮೊದಲೇ ನಾನು ಹಾಕುವ ಅಂಕ ಎಷ್ಟೆಂದು ನನಗೆ ಗೊತ್ತಿತ್ತು. ನಾನು ಎದ್ದು ನಿಂತೆ.

“ಸರ್, ನನಗೆ ಇದರಲ್ಲಿ ಕೂರಲಿಕ್ಕೆ ಆಗುವುದಿಲ್ಲ.”

“ಯಾಕೆ ಸೌಮ್ಯಶ್ರೀ? ಹುಷಾರಿಲ್ವಾ?”

“ಇವರು ನನ್ನವರು, ಸರ್.”

ಅಷ್ಟು ಹೇಳಿ ಹೊರಗೆ ಬಂದೆ. ಸುಕೇಶರ ಮುಖ ನೋಡುವ ಧೈರ್ಯ ಇರಲಿಲ್ಲ.

ಹುದ್ದೆ ಶಿವಮೊಗ್ಗದ ಒಬ್ಬರಿಗೆ ಹೋಯಿತು. ನಾನು ಕೂತಿದ್ದರೆ ಸುಕೇಶರಿಗೇ ಆಗುತ್ತಿತ್ತು ಎಂದು ಲಿಯೋನೆಲ್ ಸರ್ ಮೆಲ್ಲಗೆ ಹೇಳಿದರು. ಸಮಾಧಾನಕ್ಕೆ ಹೇಳಿದ್ದೋ ಚುಚ್ಚಲಿಕ್ಕೋ ತಿಳಿಯಲಿಲ್ಲ.

ಸುಕೇಶ್ ಗೆಸ್ಟ್ ಕೆಲಸವನ್ನೂ ಬಿಟ್ಟು ಕೇಂದ್ರಕ್ಕೆ ಬರುವುದನ್ನೇ ನಿಲ್ಲಿಸಿದರು. ಫೋನ್ ಎತ್ತಲಿಲ್ಲ. ನಾನು ಅನ್ನದ ತಟ್ಟೆಯ ಎದುರು ಕೂತು ಅತ್ತೆ. ಅಮ್ಮನಿಗೆ ಎಲ್ಲ ಹೇಳಿದೆ.

“ಸುಮ್ಮನೆ ಕೂತಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು ಮಗಾ?” ಎಂದರು ಅಮ್ಮ.

“ಕೂತಿದ್ದರೆ ಆಮೇಲೆ ಅವರ ಮುಖ ನೋಡಲಿಕ್ಕೆ ಆಗುತ್ತಿರಲಿಲ್ಲ,” ಎಂದೆ. ಈಗ ನೋಡಲಿಕ್ಕೆ ಮುಖವೇ ಸಿಗುತ್ತಿಲ್ಲ ಎಂಬುದು ಬೇರೆ ಮಾತು. ಒಳಗಿದ್ದ ಅಪ್ಪನಿಗೂ ಎಲ್ಲ ಕೇಳಿಸಿತ್ತು. ಅವರು ಬೈಯಲಿಲ್ಲ, ಊಟಕ್ಕೂ ಬರಲಿಲ್ಲ.

ಮುಂದಿನ ಶನಿವಾರ. ಬರುತ್ತೇನೆಂದಿದ್ದ ಅರ್ಜಿದಾರರು ಬಂದಿರಲಿಲ್ಲ. ಅಧಿಕಾರಿಯ ಕುರ್ಚಿಯಲ್ಲಿ ಬ್ರೆಂಡಾ ಎಂಬ ಹುಡುಗಿ ಕಾಯುತ್ತಿದ್ದಳು. ಬಾಗಿಲಲ್ಲಿ ಸುಕೇಶ್ ಕಾಣಿಸಿಕೊಂಡರು. ತೋಳು ಒದ್ದೆ. ನನ್ನ ಕಡೆ ನೋಡಲಿಲ್ಲ.

“ನನ್ನದೊಂದು ಅಹವಾಲು ಉಂಟು.”

ಬ್ರೆಂಡಾ ನನ್ನನ್ನು ನೋಡಿದಳು. ನಾನು ಗೋಡೆಯ ಕಡೆಗೆ ಸರಿದೆ. “ಕೂತುಕೊಳ್ಳಿ ಸರ್,” ಎಂದಳು ಅವಳು.

“ಒಬ್ಬರು ಎಲ್ಲರ ಎದುರಿಗೆ ನನ್ನ ಬಗ್ಗೆ ಒಂದು ತೀರ್ಮಾನ ಹೇಳಿ ಎದ್ದು ಹೋದರು. ನನ್ನನ್ನು ಒಂದು ಮಾತು ಕೇಳಲಿಲ್ಲ.”

“ಎಂತ ತೀರ್ಮಾನ?”

“ನಾನು ಅವರವನು ಅಂತ.”

ಹಿಂದಿನ ಬೆಂಚಿನಲ್ಲಿ ಯಾರೋ “ಅಯ್ಯೋ ದೇವರೇ” ಎಂದರು.

“ಅದರಿಂದ ನಿಮಗೆ ನಷ್ಟ ಆಯ್ತಾ?”

“ಆಯ್ತು. ಕೆಲಸ ಹೋಯ್ತು. ಸಿಟ್ಟೂ ಬಂತು, ಸುಳ್ಳು ಹೇಳುವುದಿಲ್ಲ. ದೋಹಾಕ್ಕೆ ಬ್ಯಾಗು ತುಂಬಿಸಲಿಕ್ಕೆ ಕೂತೆ. ಆಗ ಅಮ್ಮ ಕೇಳಿದರು, ಅಷ್ಟು ಜನರ ಎದುರು ಮರ್ಯಾದೆ ಬಿಟ್ಟು ನಿಜ ಹೇಳಿದಳಲ್ಲ, ಅಂಥವಳನ್ನು ಬಿಟ್ಟು ಅಲ್ಲಿ ಹೋಗಿ ಎಂತ ಮಾಡ್ತಿ ಮಾರಾಯ ಅಂತ. ಬ್ಯಾಗು ಅಲ್ಲಿಗೇ ಬಿಟ್ಟೆ. ಬರುವುದಿಲ್ಲ ಅಂತ ಭಾವನಿಗೆ ಹೇಳಿದೆ.”

“ಈಗ ಕೆಲಸ?”

“ಇಲ್ಲ. ಕಾರ್ಕಳದಲ್ಲಿ ಸಂಜೆ ಪಾಠ ಮಾಡುವ ಕೆಲಸ ಕೇಳಿದ್ದೇನೆ. ಸಿಕ್ಕಿದರೆ ಸಿಕ್ಕಿತು.”

“ನಿಮಗೆ ಎಂತ ಪರಿಹಾರ ಬೇಕು ಸರ್?” ಬ್ರೆಂಡಾ ಕೇಳಿದಳು.

“ಅವರು ನನ್ನ ಎದುರಿಗೆ ಕೂತು ನನ್ನನ್ನೇ ಕೇಳಬೇಕು. ಅಷ್ಟೇ.”

ಬ್ರೆಂಡಾ ಕುರ್ಚಿ ಹಿಂದಕ್ಕೆ ತಳ್ಳಿದಳು. ಆಮೇಲೆ ಎದ್ದು ನಿಂತಳು. “ಇದು ನಮ್ಮ ಮೇಡಂ ವಿಷಯ. ಮೇಡಂ ನಮ್ಮವರು. ನನಗೆ ಈ ಕುರ್ಚಿಯಲ್ಲಿ ಕೂರಲಿಕ್ಕೆ ಆಗುವುದಿಲ್ಲ,” ಎಂದು ಹೊರಗೆ ನಡೆದಳು. ಅವಳ ಹಿಂದೆ ಮೊದಲ ಬೆಂಚಿನವರು ಎದ್ದರು. ಆಮೇಲೆ ಎಲ್ಲರೂ, ಒಬ್ಬರ ಹಿಂದೆ ಒಬ್ಬರು, ಸದ್ದಿಲ್ಲದೆ. ಕೊನೆಯವನು ಬಾಗಿಲು ಎಳೆದುಕೊಂಡು ಹೋದ. ಪಾಠ ಬಿಟ್ಟು ಎದ್ದವರನ್ನು ನಾನು ಬೈಯದೆ ಇದ್ದದ್ದು ಅದೊಂದೇ ದಿನ.

ನಾನು ಗೋಡೆ ಹಿಡಿದು ನಿಂತೇ ಇದ್ದೆ. ಕಣ್ಣು ತುಂಬಿ ಏನೂ ಸರಿಯಾಗಿ ಕಾಣುತ್ತಿರಲಿಲ್ಲ. ಸುಕೇಶ್ ಎದ್ದು, ಖಾಲಿಯಾದ ಕುರ್ಚಿಯನ್ನು ನನಗಾಗಿ ಎಳೆದರು.

“ಕುಲ್ಲುಲೆ,” ಎಂದರು, ಮೊದಲ ಸಲ ತುಳುವಿನಲ್ಲಿ. ಅದೇ ನನ್ನ ‘ಕೂತುಕೊಳ್ಳಿ’.

ಕೂತೆ. ಕೇಳಬೇಕಾದದ್ದನ್ನು ನಾನೂ ತುಳುವಿನಲ್ಲೇ ಕೇಳಿದೆ. ಉತ್ತರ ಹೇಳುವ ಮೊದಲೇ ಅವರ ಕಿವಿ ಕೆಂಪಾಗಿತ್ತು.