ಪಕ್ಕದ ಕುರ್ಚಿಯ ಮೈಕು

ದೇವರಾಣೆಗೂ ನಡೆದದ್ದನ್ನಷ್ಟೇ ಹೇಳುತ್ತೇನೆ. ಮೊಮ್ಮಗಳು ತೀರಿಕೊಂಡು ಎರಡು ತಿಂಗಳಾಗಿತ್ತು. ಕಾಲೇಜಿನ ವಾರ್ತಾವಾಚನ ಸ್ಪರ್ಧೆಯಲ್ಲಿ ಅವಳ ಬದಲು ಅವಳ ಗೆಳತಿ ಓದಲು ಕೂತಳು. ಆ ಹುಡುಗಿ ಉಸಿರಾಡುವುದನ್ನು ನೋಡಿಯೇ ನನಗೆ ಹೊಟ್ಟೆಕಿಚ್ಚಾಯಿತು.

ಗಾಜಿನ ಈಚೆ, ಯಂತ್ರಗಳ ಕೋಣೆಯಲ್ಲಿ ನನ್ನನ್ನು ಕೂರಿಸಿದ್ದರು. ಹುಡುಗಿಯ ಪಕ್ಕದ ಕುರ್ಚಿ ಖಾಲಿ. ಆದರೂ ಅಲ್ಲಿನ ಮೈಕಿನ ದನಿ ಅಳೆಯುವ ಮೀಟರಿನ ಮುಳ್ಳು ಏರಿಳಿಯುತ್ತಿತ್ತು.

“ವೈರೇ ಕಿತ್ತಿದೀನಲ್ಲ ಅಜ್ಜಿ! ಇದಕ್ಕೇನು ದೆವ್ವ ಹಿಡೀತಾ?” ಎಂದು ಧ್ವನಿಮುದ್ರಣದವನು ನಕ್ಕ.

ಹೆಡ್‌ಫೋನ್ ಕಸಿದು ಹಾಕಿಕೊಂಡೆ. ಮೊಮ್ಮಗಳ ಒಂದು ಮಾತಿಗಾಗಿ ದಿನವೂ ದೇವರನ್ನು ಬೇಡುತ್ತಿದ್ದ ನನಗೆ ಗೆಳತಿಯ ದನಿಯಷ್ಟೇ ಕೇಳಿಸಿತು.

ಮುಖ ನೋಡಿ ಅಂಕ ಕೊಡಬಾರದೆಂದು ತೀರ್ಪುಗಾರರನ್ನು ಬೇರೆ ಕೋಣೆಯಲ್ಲಿ ಕೂರಿಸಿ ಧ್ವನಿ ಮಾತ್ರ ಕೇಳಿಸಿದ್ದರು. ಓದು ಮುಗಿದ ಮೇಲೆ ಆ ಮೂವರೂ ಹೊರಬಂದರು.

“ಇಬ್ಬರೂ ಚೆನ್ನಾಗಿ ಓದಿದ್ರಮ್ಮ,” ಎಂದು ಹಿರಿಯರು ಗೆಳತಿಗೆ ಹೇಳಿದರು. “ಎಲ್ಲಿ, ಆ ಇನ್ನೊಬ್ಬಳು? ಅವಳಿಗೇ ಒಂದು ಅಂಕ ಜಾಸ್ತಿ.”