ಇಪ್ಪತ್ತು ನಿಮಿಷದ ಅಣ್ಣ

ಆಸ್ವಲ್ಡ್ ಟ್ರಸ್‌ಲೋವ್ ಹುಟ್ಟಿದಾಗಿಂದ ನೆಟ್ಟಗೆ ಮಾಡಿದ ಕೆಲಸ ಅಂದ್ರೆ ಒಂದೇ. ಕಾಯೋದು. ದೊಡ್ಡಪ್ಪ ಸರ್ ಬೇಸಿಲ್‌ಗೆ ಮಕ್ಕಳಿಲ್ಲ, ಅವರು ಹೋದ್ಮೇಲೆ ವಂಶದಲ್ಲಿ ಹಿರೀಕರಿಂದ ಇಳಿದು ಬರೋ ಬ್ಯಾರನೆಟ್ ಪಟ್ಟ ತನ್ನ ತಲೆಗೇ, ಆವಾಗ ಗಾಲ್ಫ್ ಕ್ಲಬ್ಬಿನ ಸೊಕ್ಕಿನ ಸೆಕ್ರೆಟರಿನೂ ಬಾಯಿ ತುಂಬ 'ಸರ್ ಆಸ್ವಲ್ಡ್' ಅನ್ಬೇಕು ಅಂತ ಐವತ್ತೈದು ವರ್ಷ ಕಾದ. ಹೆಂಡ್ತಿ ಮ್ಯೂರಿಯಲ್ ಅವನನ್ನ ಕಟ್ಕೊಂಡಿದ್ದೇ ಅದಕ್ಕೆ. ಮೂವತ್ತೊಂದು ವರ್ಷದಿಂದ ಸಾಮಾನು ಚೀಟಿ ಹಿಂದೆ 'ಲೇಡಿ ಟ್ರಸ್‌ಲೋವ್' ಅಂತ ಸಹಿ ಮಾಡೋದು ಕಲೀತಿದ್ಲು. ಪ್ರತಿ ಕ್ರಿಸ್‌ಮಸ್‌ಗೆ ಬೇಸಿಲ್ ಕಾರ್ಡು ಬಂದ್ರೆ ಅಕ್ಷರ ಹಿಡಿದು ನೋಡೋಳು. "ಇನ್ನೂ ಕೈ ನಡುಗ್ತಿಲ್ವಲ್ರೀ ಇವರಿಗೆ" ಅನ್ನೋಳು.

ಹಾಗಂತ ಅದೇನು ಕತ್ತಿ ಹಿಡಿದು ಗೆದ್ದ ಪಟ್ಟ ಅಲ್ಲ. ಮುತ್ತಜ್ಜ ಬೂಟ್ ಪಾಲಿಶ್ ಡಬ್ಬಿ ಮಾಡಿ ಮಾರಿ ಮೇಲೆ ಬಂದೋನು. ಸಾವಿರದ ಒಂಬೈನೂರ ಒಂಬತ್ತರಲ್ಲಿ ಆಳೋ ಪಾರ್ಟಿಯೋರ ಬೂಟಿಗೂ ಚೆನ್ನಾಗೇ ಪಾಲಿಶ್ ಹಚ್ಚಿದ, ಪಟ್ಟ ಬಂತು. ಮನೆತನದ ಲಾಂಛನದಲ್ಲಿ ಒಂದು ಸಿಂಹ ಇದೆ. ಸದ್ಯ, ಅದರ ಕಾಲಿಗೆ ಬೂಟು ಹಾಕ್ಸಿಲ್ಲ. ಬಂಗಲೆ ಮಾರಿ ಎಷ್ಟೋ ಕಾಲ ಆಗಿತ್ತು, ಈಗ ಅದು ಹೋಟ್ಲು. ಬೇಸಿಲ್ ಇದ್ದಿದ್ದು ಗೇಟಿನ ಪಕ್ಕದ ಕಾವಲುಗಾರನ ಮನೇಲಿ. ಒಟ್ನಲ್ಲಿ ಆಸ್ತಿ ಅಂತ ಉಳಿದಿದ್ದು ಹೆಸರಿಗೆ ಅಂಟಿಸ್ಕೊಳ್ಳೋ 'ಸರ್' ಅನ್ನೋ ಎರಡಕ್ಷರ. ಅದಕ್ಕೇ ಇಷ್ಟು ಜೊಲ್ಲು ಸುರಿಸ್ತೀಯಲ್ಲೋ ಅಂತ ಆಸ್ವಲ್ಡ್ ಎಷ್ಟೋ ಸಲ ಕನ್ನಡಿ ಮುಂದೆ ತನ್ನನ್ನೇ ಬೈಕೊಂಡಿದ್ದ. ಬೈಕೊಂಡು, ಸರ್ ಆದ್ರೆ ಹೇಗೆ ಕಾಣ್ತೀನಿ ಅಂತ ಗಲ್ಲ ಎತ್ತಿ ನೋಡ್ಕೊಂಡಿದ್ದ.

ಅಂಥದ್ರಲ್ಲಿ ಒಂದು ಭಾನುವಾರ, ತಣ್ಣಗಿನ ಕುರಿಮಾಂಸ ಕುಯ್ತಾ ಬೇಸಿಲ್ ಬಾಂಬು ಹಾಕಿದ್ರು.

"ಇದು ನಿಂಗೆ ಬರಲ್ಲ ಕಣೋ, ಆಸ್ವಲ್ಡ್."

ಅವನು ಮಾಂಸದ ಬಗ್ಗೆ ಅಂದ್ಕೊಂಡು ತಟ್ಟೆ ವಾಪಸ್ ಎಳ್ಕೊಂಡ. ಬೇಸಿಲ್ ಹೇಳಿದ್ದು ಪಟ್ಟದ ವಿಚಾರ. ಮುತ್ತಜ್ಜನಿಗೆ ಗಂಡುಮಕ್ಕಳು ಇಬ್ಬರಲ್ಲವಂತೆ, ಮೂವರಂತೆ. ಮೊದಲನೆಯೋರು ಬೇಸಿಲ್ ಅಪ್ಪ. ಆಮೇಲೆ ಹುಟ್ಟಿದ್ದು ಅವಳಿ ಅಂತೆ, ಹ್ಯೂಗೋ ಮತ್ತೆ ಎಡ್ಮಂಡ್. ಎಡ್ಮಂಡ್ ಅಂದ್ರೆ ಆಸ್ವಲ್ಡ್‌ನ ಸ್ವಂತ ಅಜ್ಜ. ಹ್ಯೂಗೋ ಮೀನು ಹೆಚ್ಚೋ ಹುಡುಗಿ ಜೊತೆ ಗ್ರಿಮ್ಸ್‌ಬಿ ಬಂದರಿಗೆ ಓಡಿಹೋದ, ಮುತ್ತಜ್ಜ ಅವನ ಹೆಸರೆತ್ತಬಾರದು ಅಂತ ಮನೆಯೋರೆಲ್ಲರ ಬಾಯಿ ಹೊಲಿದ. ಪಟ್ಟ ಬಂದಿದ್ದು ಅದರ ಮರುವರ್ಷ. ಅದಕ್ಕೇ ಪಟ್ಟದೋರ ಹೆಸರಿರೋ ದಪ್ಪ ಪುಸ್ತಕದಲ್ಲಿ ಹ್ಯೂಗೋ ಇಲ್ಲವೇ ಇಲ್ಲ. ಆದ್ರೆ ಗ್ರಿಮ್ಸ್‌ಬಿಲಿ ಅವನ ಮೊಮ್ಮಗ ಇದ್ದಾನೆ, ರೆಗ್ ಅಂತ.

"ಹ್ಯೂಗೋ ಎಷ್ಟು ದೊಡ್ಡೋರು ದೊಡ್ಡಪ್ಪ?"

"ಇಪ್ಪತ್ತು ನಿಮಿಷ."

ಐವತ್ತೈದು ವರ್ಷದ ಕಾಯುವಿಕೆ ಇಪ್ಪತ್ತು ನಿಮಿಷಕ್ಕೆ ಸೋತ್ಹೋಯ್ತು. ಅದ್ರ ಮೇಲೆ ಮುದುಕ ಅವನ ಕೈ ಹಿಡ್ಕೊಂಡು, "ನಾನು ಹೋದ್ಮೇಲೆ ರೆಗ್‌ಗೆ ನೀನೇ ಹೇಳ್ಬಿಡಪ್ಪ. ಇದು ಗೊತ್ತಿರೋದು ನಮ್ಮಿಬ್ಬರಿಗೇ. ನೀನು ನಂಬಿಕಸ್ಥ" ಅಂದ್ರು.

ಮೂರು ವಾರಕ್ಕೆ ಬೇಸಿಲ್ ಪದಬಂಧ ಬಿಡಿಸ್ತಾ ಕೂತಲ್ಲೇ ಹೋದ್ರು. ಅದರಲ್ಲಿ ಆಸ್ವಲ್ಡ್ ಕೈವಾಡ ಏನೂ ಇಲ್ಲ. ಬೋನಿಗೆ ಇಲಿ ಬಿದ್ರೆ ಪಕ್ಕದ ಮನೆಯೋರನ್ನ ಕರೆಯೋ ಗಂಡಸು ಅವನು. ಕೊಲೆ ಗಿಲೆ ಅವನ ಕೈಲಾಗೋ ಕೆಲಸ ಅಲ್ಲ. ಅವನು ಹಾಕಿದ ಲೆಕ್ಕ ಬೇರೆ. ಬದುಕಿರೋರನ್ನ ಸಾಯಿಸೋದು ಕಷ್ಟ, ಆದ್ರೆ ಯಾವತ್ತೋ ಸತ್ತೋನನ್ನ ಹುಟ್ಟೇ ಇಲ್ಲ ಅನ್ನಿಸಿಬಿಟ್ರೆ? ರಕ್ತ ಇಲ್ಲ, ಹೆಣ ಇಲ್ಲ, ಕಿರುಚಾಟ ಇಲ್ಲ. ಸರ್ಕಾರದ ಜನನ ದಫ್ತರದಲ್ಲಿ ಹ್ಯೂಗೋ ಹೆಸರಿದೆ, ನಿಜ. ಆದ್ರೆ ಆ ಕೋಟಿ ಹೆಸರಿನ ಗುಡ್ಡೇಲಿ, ಇದ್ದ ಅಂತಲೇ ಗೊತ್ತಿಲ್ಲದೋನನ್ನ ಯಾರು ಹುಡುಕ್ತಾರೆ? ಹೊರಗಿರೋ ಗುರುತು ಅಳಿಸಿದ್ರೆ ಸಾಕು. ಈ ಲೆಕ್ಕಕ್ಕೆ ಆಸ್ವಲ್ಡ್ ತನಗೆ ತಾನೇ ಬೆರಗಾಗಿ ಅವತ್ತು ಎರಡು ಗ್ಲಾಸು ಶೆರಿ ಕುಡಿದ.

ಮೊದಲು ಮನೆ ಬೈಬಲ್. ಮುನ್ನೂರು ವರ್ಷದ್ದು ಅಂತ ಮುತ್ತಜ್ಜ ಸೆಕೆಂಡ್ ಹ್ಯಾಂಡಲ್ಲಿ ತಂದಿದ್ದ. ಅದರ ಮೊದಲ ಹಾಳೇಲಿ ಹುಟ್ಟಿದೋರ ಹೆಸರೆಲ್ಲ ಇತ್ತು. ಆಸ್ವಲ್ಡ್ ಹಾಳೆ ಕಿತ್ತು, ತೋಟದಲ್ಲಿ ಒಣಗಿದೆಲೆ ಜೊತೆ ಸುಟ್ಟ. ಆಮೇಲೆ ಒಂದು ಫೋಟೋ ಸಿಕ್ತು, ಹಡಗಿನೋರ ಅಂಗಿ ತೊಟ್ಟ ಎರಡು ಹುಡುಗರದ್ದು. ಕತ್ತರಿ ಹಿಡಿದು ಕೂತ. ಎರಡು ಮುಖನೂ ಒಂದೇ ಪಡಿಯಚ್ಚು. ಯಾವುದು ಹ್ಯೂಗೋ ಅಂತ ಅರ್ಧ ಗಂಟೆ ನೋಡಿದ. ಕೊನೆಗೆ ಸ್ವಲ್ಪ ಜಾಣನ ಹಾಗೆ ಕಾಣ್ತಿದ್ದೋನನ್ನ ಕತ್ತರಿಸಿ ಬೆಂಕಿಗೆ ಹಾಕಿದ. ಜಾಣನಾಗಿದ್ರೆ ನಮ್ಮ ಅಜ್ಜ ಆಗಿರೋಕೆ ಸಾಧ್ಯ ಇಲ್ಲ ಅನ್ನೋದು ಅವನ ತರ್ಕ.

ಚರ್ಚಿನ ದೀಕ್ಷಾಸ್ನಾನದ ಪುಸ್ತಕ ಕಷ್ಟದ್ದು. ಅದು ಒಳಕೋಣೇಲಿ ಕಬ್ಬಿಣದ ಪೆಟ್ಟಿಗೇಲಿ ಇತ್ತು. ಬೀಗದ ಕೈ ಸಿಗ್ತಿದ್ದಿದ್ದು ಪಾದ್ರಿಗೆ, ಬಿಟ್ರೆ ಹೂವು ಜೋಡಿಸೋ ಹೆಂಗಸರಿಗೆ. ಆಸ್ವಲ್ಡ್ ಹೂವಿನ ಗುಂಪಿಗೆ ಸೇರ್ಕೊಂಡ. ಆರು ವಾರ, ಹತ್ತು ಹೆಂಗಸರ ಮಧ್ಯೆ ಒಬ್ಬನೇ ಗಂಡಸು, ಡೇಲಿಯಾ ಹಿಡ್ಕೊಂಡು ನಿಂತ. ಕೈಗುಣ ಚೆನ್ನಾಗಿದೆ ಅಂತ ಸುಗ್ಗಿ ಹಬ್ಬದ ಇಡೀ ಅಲಂಕಾರ ಅವನಿಗೇ ಒಪ್ಪಿಸಿದ್ರು. ಅವತ್ತೇ ಮಧ್ಯಾಹ್ನ ಶೇವಿಂಗ್ ಬ್ಲೇಡಲ್ಲಿ ಆ ಪುಟ ಕುಯ್ದ. ಅಜ್ಜನ ಹೆಸರೂ ಅದೇ ಪುಟದಲ್ಲಿತ್ತು, ಅದೂ ಹೋಯ್ತು. ಹೋಗ್ಲಿ ಬಿಡು, ಅಜ್ಜನ ಜನನ ಪತ್ರ ಮನೇಲೇ ಇದೆ, ಸರ್ಕಾರದ ಮೊಹರಿರೋದು. ವಂಚನೆ ಮಾಡೋನ ಹತ್ರ ಒಂದಾದ್ರೂ ಸಾಚಾ ಕಾಗದ ಇರ್ಬೇಕು ಅಂದ್ಕೊಂಡ. ಆ ಮಾತು ಅವನಿಗೆ ಎಷ್ಟು ಇಷ್ಟ ಆಯ್ತು ಅಂದ್ರೆ, ದಾರಿ ಉದ್ದಕ್ಕೂ ಅದನ್ನೇ ಗೊಣಗ್ತಾ ಬಂದ.

ಉಳಿದಿದ್ದು ಗ್ರಿಮ್ಸ್‌ಬಿ. ಹ್ಯೂಗೋ ಓಡಿಹೋಗುವಾಗ ಹೆಸರು ಕೆತ್ತಿದ ಬೆಳ್ಳಿ ಲೋಟ ಒಂದನ್ನ ತಗೊಂಡು ಹೋಗಿದ್ದ ಅಂತ ಬೇಸಿಲ್ ಹೇಳಿದ್ರು. ಆಸ್ವಲ್ಡ್ ಹೋಗಿ ನೋಡಿದ್ರೆ 'ಟ್ರಸ್‌ಲೋವ್ ಮೀನು ಮತ್ತು ಚಿಪ್ಸ್' ಅಂತ ಬೋರ್ಡು, ಒಳಗೆ ಎಣ್ಣೆ ಹೊಗೇಲಿ ರೆಗ್. ಲೋಟ ಅಲ್ಲೇ ಕೌಂಟರ್ ಮೇಲೆ, ಚಿಪ್ಸ್ ತಿನ್ನೋ ಮರದ ಕಡ್ಡಿ ತುಂಬ್ಕೊಂಡು ಕೂತಿತ್ತು.

ಆಸ್ವಲ್ಡ್ ಒಂದು ಹ್ಯಾಡಕ್ ಮೀನು ಹೇಳಿ, ಹಳೇ ಬೆಳ್ಳಿ ಕೂಡಿಡೋದು ತನ್ನ ಖಯಾಲಿ ಅಂತ ಸುಳ್ಳು ಬಿಟ್ಟ. ಹೆಸರು ಕೇಳಿದ್ರೆ ಸ್ಮಿತ್ ಅಂದ. ಹಂಗೇ, ಬೂಟ್ ಪಾಲಿಶ್ ಡಬ್ಬಿ ಮೇಲೂ ಟ್ರಸ್‌ಲೋವ್ ಅಂತಲೇ ಇರ್ತಿತ್ತಲ್ಲ ಅಂತ ಮೆಲ್ಲಗೆ ಕೆದಕಿ ನೋಡಿದ.

"ನಮ್ಮ ತಾತ ಆ ಡಬ್ಬೀನ ಮನೆ ಒಳಕ್ಕೆ ಬಿಡ್ತಿರ್ಲಿಲ್ಲ ಯಜಮಾನ್ರೇ," ಅಂದ ರೆಗ್. "ಯಾಕೋ ಗೊತ್ತಿಲ್ಲ. ನಾವು ಹುಡುಗರೆಲ್ಲ ಬೂಟಿಗೆ ಮೀನೆಣ್ಣೆ ಹಚ್ಕೊಂಡು ಸ್ಕೂಲಿಗೆ ಹೋಗ್ತಿದ್ವಿ. ಬೀದಿ ಬೆಕ್ಕೆಲ್ಲ ಹಿಂದೆ."

ಲೋಟಕ್ಕೆ ಏನು ಕೊಡ್ಲಿ ಅಂದ ಆಸ್ವಲ್ಡ್. ರೆಗ್ ಕಡ್ಡಿಗಳನ್ನ ಒಂದು ಜಾಮ್ ಬಾಟ್ಲಿಗೆ ಸುರಿದು, ಲೋಟಾನ ಏಪ್ರನ್ನಲ್ಲಿ ಒರೆಸಿ ಮುಂದಿಟ್ಟ.

"ಇಷ್ಟಪಟ್ಟು ಕೇಳ್ತಿದ್ದೀರ, ತಗೊಂಡು ಹೋಗಿ. ಮೀನಿಗೆ ಮಾತ್ರ ಕೊಡಿ."

ಆಸ್ವಲ್ಡ್ ವಾಪಸ್ ಬರೋ ರೈಲಲ್ಲಿ ಲೋಟ ತೊಡೆ ಮೇಲಿಟ್ಕೊಂಡು ಕೂತ. ಒಂದು ಕ್ಷಣ ಎದ್ದು ಹೋಗಿ ಹೇಳ್ಬಿಡ್ಲಾ ಅನ್ನಿಸ್ತು. ಮನುಷ್ಯತ್ವ ಅಂದ್ರೆ ಹಾಗೇ, ರೈಲು ಹೊರಟ ಮೇಲೆ ಬರುತ್ತೆ. ಲೋಟಾನ ಮಾರನೇ ದಿನ ಹೋಟ್ಲಿನ ಕೊಳಕ್ಕೆ ಎಸೆದ.

ಆಮೇಲೆಲ್ಲ ಹೂವು ಎತ್ತಿದಷ್ಟು ಸಲೀಸು. ಪಟ್ಟಗಳ ದಫ್ತರ ನೋಡ್ಕೊಳ್ಳೋ ಲಂಡನ್ ಆಫೀಸಿಗೆ ಅರ್ಜಿ ಹಾಕಿದ. ಅಜ್ಜನ ಜನನ ಪತ್ರ, ಅಪ್ಪಂದು, ತನ್ನದು, ಮೂರನ್ನೂ ಒಂದರ ಕೆಳಗೊಂದು ಜೋಡಿಸಿ ನೋಡಿದ. ಅಪ್ಪನೂ ತಾನೂ ಹುಟ್ಟಿದ್ದು ಸ್ಕಾಟ್ಲೆಂಡಿನ ಡಂಡೀಲಿ, ಅಜ್ಜ ಅಲ್ಲಿ ಪಾಲಿಶ್ ಫ್ಯಾಕ್ಟರಿ ನೋಡ್ಕೊಳ್ತಿದ್ರಲ್ಲ, ಅದಕ್ಕೆ. ಅಪ್ಪ ಮಧ್ಯಾಹ್ನ ಎರಡೂ ಹತ್ತಕ್ಕೆ, ತಾನು ರಾತ್ರಿ ಒಂಬತ್ತಕ್ಕೆ ಹುಟ್ಟಿದ್ದು. ಇಂಗ್ಲೆಂಡಲ್ಲಿ ಹುಟ್ಟಿದ ಅಜ್ಜ ಬೆಳಗಿನ ಜಾವ ಐದೂವರೆಗೆ. "ನೋಡು ಮ್ಯೂರಿಯಲ್, ತಲೆಮಾರಿಂದ ತಲೆಮಾರಿಗೆ ಲೇಟಾಗಿ ಏಳ್ತಾ ಬಂದಿದ್ದೀವಿ" ಅಂತ ನಕ್ಕ. ಮ್ಯೂರಿಯಲ್ ನಗಲಿಲ್ಲ, 'ಲೇಡಿ' ಅಂತ ಅಚ್ಚು ಹಾಕಿಸಿದ ಪತ್ರದ ಕಾಗದ ಎಣಿಸ್ತಿದ್ಲು. ಎಡ್ಮಂಡ್‌ಗೆ ಒಬ್ಬನೇ ಅಣ್ಣ, ಅವರು ಬೇಸಿಲ್ ಅಪ್ಪ, ಬೇರೆ ಯಾರೂ ಇರಲಿಲ್ಲ ಅಂತ ಆಸ್ವಲ್ಡ್ ವಕೀಲನ ಮುಂದೆ ಬೈಬಲ್ ಮುಟ್ಟಿ ಪ್ರಮಾಣ ಮಾಡಿ ರುಜು ಹಾಕಿದ. ಹಾಳೆ ಕಿತ್ತ ಬೈಬಲ್ ಅಲ್ಲ, ವಕೀಲನದ್ದು.

ಎರಡು ತಿಂಗಳಾದ್ಮೇಲೆ ಲಂಡನ್ನಿಂದ ಕರೆ ಬಂತು. ಹೊಸ ಟೈ ಕಟ್ಕೊಂಡು ಹೋದ. ಕಾಗದ ನೋಡೋಳು ಮಿಸ್ ಹಾಬ್‌ಡೇ ಅಂತ, ಗುಬ್ಬಚ್ಚಿ ಗಾತ್ರದ ಹೆಂಗಸು. ಟೀ ಕೊಟ್ಲು, ಬಿಸ್ಕತ್ತು ಕೊಟ್ಲು, ಕಾಗದ ಇಷ್ಟು ಅಚ್ಚುಕಟ್ಟಾಗಿ ಜೋಡಿಸಿರೋರನ್ನ ನೋಡೇ ಇಲ್ಲ ಅಂದ್ಲು. ಆಸ್ವಲ್ಡ್ ಕನ್ನಡಿ ಮುಂದೆ ಕಲಿತ ಹಾಗೆ ಗಲ್ಲ ಎತ್ತಿದ.

"ಒಂದೇ ಒಂದು ಸಣ್ಣ ವಿಷ್ಯ, ಮಿಸ್ಟರ್ ಟ್ರಸ್‌ಲೋವ್," ಅಂತ ಅವಳು ಅಜ್ಜನ ಜನನ ಪತ್ರದ ಮೇಲೆ ಬೆರಳಿಟ್ಲು. ಅವನು ಮುಟ್ಟದೆ ಬಿಟ್ಟಿದ್ದ ಸಾಚಾ ಕಾಗದ. ಬೆರಳು ನಿಂತಿದ್ದು 'ಬೆಳಿಗ್ಗೆ ಐದೂವರೆ' ಅನ್ನೋದರ ಮೇಲೆ. "ನೀವು ಡಂಡೀಲಿ ಹುಟ್ಟಿದೋರು, ನಿಮಗಿದು ಹೊಳೆದಿರಲ್ಲ. ಸ್ಕಾಟ್ಲೆಂಡಲ್ಲಿ ಎಲ್ಲಾ ಮಕ್ಕಳಿಗೂ ಹುಟ್ಟಿದ ಗಂಟೆ ಬರೀತಾರೆ. ಇಂಗ್ಲೆಂಡಲ್ಲಿ ಹಾಗೆ ಬರೆಯಲ್ಲ. ಇಲ್ಲಿ ಗಂಟೆ ಬರೆಯೋದು ಅವಳಿ ಹುಟ್ಟಿದ್ರೆ ಮಾತ್ರ, ಯಾರು ದೊಡ್ಡೋರು ಅಂತ ಮುಂದೆ ಜಗಳ ಆಗ್ದಿರ್ಲಿ ಅಂತ." ಅಂದು, ಆಸ್ವಲ್ಡ್ ಪ್ರಮಾಣ ಮಾಡಿ ರುಜು ಹಾಕಿದ್ದ ಹಾಳೇನ ಅವನ ಕಡೆ ಸರಿಸಿ, ಅದರ ಪಕ್ಕ ಜನನ ದಫ್ತರದಲ್ಲಿ ಅಜ್ಜನ ಹೆಸರಿಗಿಂತ ಒಂದು ಸಾಲು ಮೇಲಿಂದ ತರಿಸಿದ್ದ ಇನ್ನೊಂದು ಜನನ ಪತ್ರ ಇಟ್ಲು. ಹ್ಯೂಗೋ ಟ್ರಸ್‌ಲೋವ್, ಬೆಳಿಗ್ಗೆ ಐದು ಗಂಟೆ ಹತ್ತು ನಿಮಿಷ.